ಮೂರು ದಿನದ ತಾಮ್ರ, ಐದು ಎಕರೆ ಜೀವ

ಹಿಂದೂ ಮಹಾಸಾಗರದ ತಳದಲ್ಲಿ ಸಲ್ಫೈಡ್ ಅದಿರು ಹುಡುಕಲು ಭಾರತಕ್ಕೆ ಈಗ 20,000 ಚದರ ಕಿಲೋಮೀಟರ್ ಜಾಗವಿದೆ. ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಜತೆ 2016ರ ಸೆಪ್ಟೆಂಬರ್‌ನಲ್ಲಿ ಆದ ಒಪ್ಪಂದದಲ್ಲಿ ಮಧ್ಯ ಮತ್ತು ನೈಋತ್ಯ ಹಿಂದೂ ಏಣುಗಳ (ಸಾಗರತಳದ ಬೆಟ್ಟಸಾಲುಗಳ) ಮೇಲೆ 10,000. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ಬರ್ಗ್ ಏಣಿನ ಮೇಲೆ ಮತ್ತೆ 10,000. ಒಂದೊಂದರ ಅವಧಿಯೂ 15 ವರ್ಷ. ಇದು ಹುಡುಕಾಟದ ಹಕ್ಕು ಮಾತ್ರ, ಅಗೆಯುವ ಪರವಾನಗಿಯಲ್ಲ. ಆದರೆ ಹುಡುಕುವುದು ಅಗೆಯುವ ಆಸೆಯಿಂದಲೇ. ಹಾಗಾಗಿ ಅಲ್ಲಿ ಏನಿದೆ, ಎಷ್ಟಿದೆ ಎಂಬ ಲೆಕ್ಕವನ್ನು ಈಗಲೇ ಹಾಕಬೇಕು.

ಭೂಫಲಕಗಳು ದೂರ ಸರಿಯುವ ಈ ಏಣುಗಳಲ್ಲಿ ಸಮುದ್ರದ ನೀರು ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ಶಿಲಾಪಾಕದ ಕಾವಿಗೆ ಕುದಿಬಿಂದು ಮೀರಿ ಕಾಯುತ್ತದೆ, ಬಂಡೆಯೊಳಗಿನ ಕಬ್ಬಿಣ, ತಾಮ್ರ, ಸತುವನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತದೆ. ಮೇಲಿನ ನೀರಿನ ಒತ್ತಡ ಅದನ್ನು ಆವಿಯಾಗಲು ಬಿಡುವುದಿಲ್ಲ. ಹೊರಗಿರುವ 2 ಡಿಗ್ರಿಯ ತಣ್ಣೀರಿಗೆ ತಾಕಿದ ಕೂಡಲೇ ಲೋಹಗಳು ಗಂಧಕದ ಜತೆ ಕೂಡಿ ಕಪ್ಪು ಹೊಗೆಯಂತೆ ಉದುರುತ್ತವೆ, ಗೂಡುಕಟ್ಟಿ ಕೊಳವೆಯಾಗುತ್ತವೆ. ಅದಿರು ಎಂದರೆ ಇದೇ ಕೊಳವೆ, ಅದರ ಬುಡದ ದಿಬ್ಬ. ಜೀವಿಗಳ ಮನೆಯೂ ಇದೇ.

ಮಾರಿಷಸ್ಸಿನ ಆಗ್ನೇಯಕ್ಕೆ, ಸುಮಾರು 2,450 ಮೀಟರ್ ಆಳದಲ್ಲಿರುವ ಕೈರೇ ಎಂಬ ಇಂಥ ಬಿಸಿನೀರ ಬುಗ್ಗೆಯನ್ನು ಜಪಾನಿನ ವಿಜ್ಞಾನಿಗಳು 2000ದಲ್ಲಿ ಕಂಡರು. ನೀರಿನ ಕಾವು ಸುಮಾರು 360 ಡಿಗ್ರಿ. ಅಲ್ಲಿನ ಒತ್ತಡದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 250 ಕಿಲೋ ಭಾರ. ಮರುವರ್ಷ ಅಲ್ಲಿ ಸಿಕ್ಕಿದ ಬಸವನಹುಳುವಿನ ಕಾಲಿನ ಸುತ್ತ ಮೀನಿಗಿರುವಂಥ ಹುರುಪೆಗಳಿದ್ದವು, ಹುರುಪೆಯ ಮೇಲೆ ಕಬ್ಬಿಣದ ಸಲ್ಫೈಡ್ ಲೇಪವಿತ್ತು. ಚಿಪ್ಪಿನ ಹೊರಪದರವೂ ಅದೇ. ಇದು ಮೇಯುವ ಪ್ರಾಣಿಯಲ್ಲ. ಅನ್ನನಾಳದ ಹಿಗ್ಗಿದ ಗ್ರಂಥಿಯಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು, ಅವು ಬುಗ್ಗೆಯ ರಾಸಾಯನಿಕಗಳಿಂದ ತಯಾರಿಸುವ ಆಹಾರದಲ್ಲೇ ಬದುಕುತ್ತದೆ. ಆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಪೂರೈಸಲು ಹೃದಯ ದೊಡ್ಡದಾಗಿದೆ: ದೇಹದ ಗಾತ್ರದಲ್ಲಿ ಶೇ 4ರಷ್ಟು ಪಾಲು ಅದರದ್ದೇ. ಇನ್ನೂ ಆಶ್ಚರ್ಯವೆಂದರೆ, ಸಾಲಿಟೇರ್ ಎಂಬ ಇನ್ನೊಂದು ಬುಗ್ಗೆಯಲ್ಲಿ ಇದೇ ಪ್ರಭೇದ ಕಬ್ಬಿಣದ ಲೇಪವೇ ಇಲ್ಲದೆ ಬೆಳ್ಳಗೆ ಬೆಳೆಯುತ್ತದೆ.

2019ರಲ್ಲಿ ಈ ಹುಳು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗೆ ಅಪಾಯದಲ್ಲಿರುವ ಜೀವಿಯಾಗಿ ಸೇರಿತು. ಕಾರಣ ಕಡಲಾಳದ ಗಣಿಗಾರಿಕೆಯ ಭೀತಿ. ಈ ಕಾರಣಕ್ಕೆ ಪಟ್ಟಿ ಸೇರಿದ ಮೊದಲ ಜೀವಿ ಅದೇ. ಆ ಹೊತ್ತಿಗೆ ಗೊತ್ತಿದ್ದ ನೆಲೆಗಳು ಮೂರು: ಕೈರೇ, ಸಾಲಿಟೇರ್, ಲೋಂಗ್‌ಚಿ. ಮೂರೂ ಸೇರಿ 0.02 ಚದರ ಕಿಲೋಮೀಟರ್, ಅಂದರೆ ಐದು ಎಕರೆ. ಅದರಲ್ಲಿ ಕೈರೇ ಜರ್ಮನಿಯ ಹುಡುಕಾಟದ ಒಪ್ಪಂದದೊಳಗಿದೆ, ಲೋಂಗ್‌ಚಿ ಚೀನಾದ್ದರಲ್ಲಿ. ಜಗತ್ತಿನಲ್ಲಿ ಈಗಲೂ ಚಿಮ್ಮುತ್ತಿರುವ ಜೀವಂತ ಬುಗ್ಗೆಗಳನ್ನೆಲ್ಲ ಒಟ್ಟು ಮಾಡಿದರೂ ಸುಮಾರು 50 ಚದರ ಕಿಲೋಮೀಟರ್ ಎಂಬ ಅಂದಾಜಿದೆ. ಬೆಂಗಳೂರು ನಗರದ ವ್ಯಾಪ್ತಿಯೇ 700 ಚದರ ಕಿಲೋಮೀಟರ್ ದಾಟುತ್ತದೆ.

ಇನ್ನು ಅದಿರಿನ ಲೆಕ್ಕ. ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಪಪುವಾ ನ್ಯೂಗಿನಿಯ ಸೋಲ್ವಾರಾ-1 ಯೋಜನೆ. ನಾಟಿಲಸ್ ಮಿನರಲ್ಸ್ ಕಂಪನಿಗೆ 2011ರಲ್ಲಿ ಗಣಿ ಗುತ್ತಿಗೆ ಸಿಕ್ಕಿತು. ಆಳ 1,600 ಮೀಟರ್, ಜಾಗ 28 ಎಕರೆಯಷ್ಟು. ಕಂಪನಿಯ ಅಂದಾಜಿನಲ್ಲಿ 10.3 ಲಕ್ಷ ಟನ್ ಅದಿರಿನಲ್ಲಿ ಶೇ 7.2 ತಾಮ್ರ, ಇನ್ನೂ 15.4 ಲಕ್ಷ ಟನ್ನಿನಲ್ಲಿ ಶೇ 8.1. ನೆಲದ ಗಣಿಗಳಲ್ಲಿ ಶೇ 1 ಸಿಗುವುದೇ ಕಷ್ಟವಾಗಿರುವಾಗ ಇದು ಬಾಯಲ್ಲಿ ನೀರೂರಿಸುವ ಅಂಕಿ. ಆದರೆ ಗುಣಿಸಿ ನೋಡಿ: ಎರಡೂ ಸೇರಿ ತಾಮ್ರ 2 ಲಕ್ಷ ಟನ್. ಜಗತ್ತಿನ ಗಣಿಗಳು ವರ್ಷಕ್ಕೆ ಸುಮಾರು 2.2 ಕೋಟಿ ಟನ್ ತೆಗೆಯುತ್ತವೆ, ದಿನಕ್ಕೆ 60 ಸಾವಿರ ಟನ್. ಸೋಲ್ವಾರಾದ ಇಡೀ ನಿಕ್ಷೇಪ ಮೂರು ದಿನಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಅದರ ಚಿನ್ನ ಸುಮಾರು 15 ಟನ್. ಭಾರತ ಒಂದು ವಾರದಲ್ಲಿ ಆಮದು ಮಾಡಿಕೊಳ್ಳುವಷ್ಟು.

ಇಷ್ಟಕ್ಕಾಗಿ 200ರಿಂದ 310 ಟನ್ ತೂಕದ ಮೂರು ಯಂತ್ರಗಳು ತಯಾರಾದವು. ಪಪುವಾ ನ್ಯೂಗಿನಿ ಸರ್ಕಾರ ಶೇ 15ರ ಪಾಲಿಗಾಗಿ ಸುಮಾರು 12 ಕೋಟಿ ಡಾಲರ್ ಸುರಿಯಿತು. 2019ರಲ್ಲಿ ಕಂಪನಿ ದಿವಾಳಿಯಾಯಿತು. ಒಂದು ಟನ್ ಅದಿರೂ ಮಾರುಕಟ್ಟೆಗೆ ಬರಲಿಲ್ಲ. ಆಸ್ಪತ್ರೆ, ಶಾಲೆಗಳಿಗೆ ಹಣವಿಲ್ಲದೆ ಒದ್ದಾಡುವ ದೇಶವೊಂದರ ಬೊಕ್ಕಸದ ದುಡ್ಡು ಅದು. ಈ ನಷ್ಟವನ್ನು ನಾನು ಬರಿಯ ವ್ಯಾಪಾರದ ಏರಿಳಿತವೆಂದು ತಳ್ಳಿಹಾಕಲಾರೆ.

ಒಂದು ಗಣಿಯ ಕತೆ ಬಿಡೋಣ. ಕೈಗೆಟುಕಬಹುದಾದ ಸಾಗರದ ಏಣುಗಳ ಉದ್ದಕ್ಕೂ ಒಟ್ಟು 60 ಕೋಟಿ ಟನ್ ಸಲ್ಫೈಡ್ ಇರಬಹುದು, ಅದರಲ್ಲಿ ತಾಮ್ರ, ಸತು ಸೇರಿ 3 ಕೋಟಿ ಟನ್ ಎಂದು ಭೂವಿಜ್ಞಾನಿ ಮಾರ್ಕ್ ಹ್ಯಾನಿಂಗ್ಟನ್ ಮತ್ತು ಸಂಗಡಿಗರು 2011ರಲ್ಲಿ ಅಂದಾಜಿಸಿದರು. ನೆಲದ ಗಣಿಗಳು ಈಗ ವರ್ಷಕ್ಕೆ ಕೊಡುವ ತಾಮ್ರ, ಸತು ಕೂಡಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಬುಗ್ಗೆಯ ಜೀವಿಗಳು ಬೇಗ ಚಿಗುರುತ್ತವೆ, ಅಗೆದರೂ ಮತ್ತೆ ಬರುತ್ತವೆ ಎಂಬ ವಾದವುಂಟು. ಪೂರ್ವ ಪೆಸಿಫಿಕ್‌ನಲ್ಲಿ ಇದು ನಿಜವೇ. ಅಲ್ಲಿ 1991ರ ಲಾವಾ ಹರಿವು ಎಲ್ಲವನ್ನೂ ಸುಟ್ಟ ಮೇಲೆ ಕೊಳವೆಹುಳುಗಳು ಮರಳಿ ಬಂದು ವರ್ಷಕ್ಕೆ 85 ಸೆಂಟಿಮೀಟರಿನಷ್ಟು ವೇಗದಲ್ಲಿ ಬೆಳೆದವು. ಆದರೆ ಅಲ್ಲಿ ಫಲಕಗಳು ವರ್ಷಕ್ಕೆ ಸುಮಾರು 11 ಸೆಂಟಿಮೀಟರ್ ಅಗಲುತ್ತವೆ. ಸ್ಫೋಟ, ನಾಶ, ಮರುಹುಟ್ಟು ಅಲ್ಲಿನ ಜೀವಿಗಳಿಗೆ ರೂಢಿಯಾಗಿದೆ. ನೈಋತ್ಯ ಹಿಂದೂ ಏಣಿನ ವೇಗ ವರ್ಷಕ್ಕೆ 1.4 ಸೆಂಟಿಮೀಟರ್ ಮಾತ್ರ. ಇಂಥ ನಿಧಾನದ ಏಣುಗಳಲ್ಲಿ ಒಂದೇ ಬುಗ್ಗೆ ಸಾವಿರಾರು ವರ್ಷ ಚಿಮ್ಮುತ್ತದೆ. ಅದಿರು ದಪ್ಪಗೆ ಕೂಡಿಬೀಳುವುದೂ ಅದಕ್ಕೇ, ಅಲ್ಲಿನ ಜೀವಿಗಳಿಗೆ ಬುಡಸಮೇತ ನಾಶವಾಗುವ ಅಭ್ಯಾಸವಿಲ್ಲದಿರುವುದೂ ಅದಕ್ಕೇ. ಪೆಸಿಫಿಕ್‌ನ ಅಂಕಿ ತಂದು ನಮ್ಮ ಸಾಗರಕ್ಕೆ ಅನ್ವಯಿಸುವುದು ಸರಿಯಲ್ಲ.

ಹುಡುಕಾಟದ ಖರ್ಚಿನ ಬಗ್ಗೆ ನನ್ನದು ತಕರಾರಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಆಳ ಸಾಗರ ಯೋಜನೆಗೆ ಐದು ವರ್ಷಕ್ಕೆ ₹4,077 ಕೋಟಿ, ತಲೆಗೆ ₹29. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲಿರುವ ಮತ್ಸ್ಯ-6000 ನೌಕೆಯೂ ಇದರಲ್ಲೇ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು 4,500 ಮೀಟರ್ ಆಳದ ಜೀವಂತ ಬುಗ್ಗೆಯೊಂದರ ಚಿತ್ರ ತಂದರು. ಇಂಥ ಕೆಲಸಕ್ಕೆ ಇನ್ನಷ್ಟು ಕೊಟ್ಟರೂ ದಂಡವಲ್ಲ. ಕೈರೇಯಲ್ಲೇ ಸಿಕ್ಕಿದ ಸೂಕ್ಷ್ಮಜೀವಿಯೊಂದು 122 ಡಿಗ್ರಿಯಲ್ಲೂ ವೃದ್ಧಿಯಾಗುವುದನ್ನು 2008ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು. ಆಸ್ಪತ್ರೆಗಳ ಆಟೋಕ್ಲೇವ್ ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವುದು 121 ಡಿಗ್ರಿಯಲ್ಲಿ! ಕ್ಯಾಲಿಫೋರ್ನಿಯಾ ಕೊಲ್ಲಿಯ ಬುಗ್ಗೆಯ ಇಂಥದೇ ಒಂದು ಜೀವಿಯಿಂದ ಪಡೆದ ಕಿಣ್ವ ಡಿಎನ್‌ಎ ನಕಲು ಮಾಡಲು ಮಾರಾಟವಾಗುತ್ತಿದೆ. ಅದಕ್ಕೆ ಬೇಕಾದದ್ದು ಸಣ್ಣದೊಂದು ಮಾದರಿ, ದಿಬ್ಬದ ದಿಬ್ಬವಲ್ಲ.

ಹಾಗಾದರೆ ಜೀವಂತ ಬುಗ್ಗೆಗಳನ್ನು ಅಗೆಯದೆ ಬಿಟ್ಟರೆ ಭಾರತಕ್ಕೆ ಎಷ್ಟು ನಷ್ಟ? ಸಾಗರತಳ ಪ್ರಾಧಿಕಾರದ ನಿಯಮದಂತೆ ಸಲ್ಫೈಡ್ ಹುಡುಕಾಟದ ಒಪ್ಪಂದದ ಮುಕ್ಕಾಲು ಜಾಗವನ್ನು ಹತ್ತನೇ ವರ್ಷದೊಳಗೆ ಹಿಂದಿರುಗಿಸಬೇಕು. 10,000ದಲ್ಲಿ ಉಳಿಯುವುದು 2,500 ಚದರ ಕಿಲೋಮೀಟರ್. ಅದರೊಳಗೆ ಹತ್ತು ಜೀವಂತ ಬುಗ್ಗೆಗಳಿವೆ ಎಂದಿಟ್ಟುಕೊಂಡು, ಒಂದೊಂದರ ಸುತ್ತ ಒಂದು ಕಿಲೋಮೀಟರ್ ಬಿಟ್ಟರೆ ಹೋಗುವುದು 31 ಚದರ ಕಿಲೋಮೀಟರ್, ಶೇ 1.26. ಯಂತ್ರ ಎಬ್ಬಿಸುವ ಕೆಸರು ಇನ್ನೂ ದೂರ ಹೋಗುತ್ತದೆಂದು ಐದು ಕಿಲೋಮೀಟರ್ ಬಿಟ್ಟರೆ ಶೇ 31. ಇವೆರಡರ ನಡುವೆ ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಅಳೆದು ನೋಡಿಯೇ ತೀರ್ಮಾನಿಸಬೇಕು. ಇನ್ನೊಂದು ಎಚ್ಚರವೂ ಬೇಕು. ಹಿಂದಿರುಗಿಸಿದ ಜಾಗಕ್ಕೆ ಬೇರೆ ದೇಶ ಅರ್ಜಿ ಹಾಕಬಹುದು. ಹಾಗಾಗಿ ಜೀವಂತ ಬುಗ್ಗೆಗಳಿರುವ ಬ್ಲಾಕ್‌ಗಳನ್ನು ಭಾರತ ಹಿಂದಿರುಗಿಸದೆ ತನ್ನ ಹೆಸರಿನಲ್ಲೇ ಉಳಿಸಿಕೊಂಡು, ಅಗೆಯುವ ನಕ್ಷೆಯಿಂದ ಅವನ್ನು ಹೊರಗಿಡಬೇಕು.