ಹೆಬ್ಬಾತುಗಳ ವಲಸೆಯೂ ವಸಂತದ ಉಷ್ಣವೃದ್ಧಿಯೂ

ಹುಲ್ಲು ಮೇಯ್ದು ಜೀವಿಸುವ ವಲಸೆಹಕ್ಕಿಗಳಲ್ಲಿ ಬಾರ್ನಕಲ್ ಎಂಬ ಹೆಬ್ಬಾತು ಪ್ರಸಿದ್ಧವಾದುದು. ಇದರ ಒಂದು ಸಮುದಾಯವು ಚಳಿಗಾಲವನ್ನು ನೆದರ್ಲೆಂಡ್ಸ್ ಮೊದಲಾದ ಉತ್ತರಸಮುದ್ರತೀರದ ದೇಶಗಳಲ್ಲಿ ಕಳೆದು, ವಸಂತದಲ್ಲಿ ಬಾಲ್ಟಿಕ್ ಸಮುದ್ರದ ದಡಗಳಲ್ಲಿ ತಂಗುತ್ತ, 3000 ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ, ರಷ್ಯದ ಧ್ರುವಪ್ರಾಂತದಲ್ಲಿ ಮೊಟ್ಟೆಯಿಡುವುದು.

ಎಳೆಯ ಹುಲ್ಲಿನಲ್ಲಿ ಸಸಾರಜನಕಾಂಶ ಹೆಚ್ಚು, ನಾರು ಕಡಿಮೆ. ಹುಲ್ಲು ಬಲಿತಂತೆಲ್ಲ ಈ ಪ್ರಮಾಣವು ವ್ಯತ್ಯಸ್ತವಾಗುವುದು. ಹೊಸ ಚಿಗುರು ದಕ್ಷಿಣದಿಂದ ಉತ್ತರಕ್ಕೆ ಅಲೆಯಂತೆ ಸಾಗುವುದರಿಂದ, ಅದನ್ನು ಅನುಸರಿಸಿದ ಪಕ್ಷಿಗೆ ದಾರಿಯುದ್ದಕ್ಕೂ ಪುಷ್ಟಿಯು ದೊರೆಯುವುದು. ಮೇವು ಉತ್ಕೃಷ್ಟವಾಗಿರುವ ಕಾಲಕ್ಕೆ ಮರಿಗಳೂ ಹೊರಬರುವುವು.

ಆದರೆ ಧ್ರುವಪ್ರದೇಶವು ದಕ್ಷಿಣದ ನಾಡುಗಳಿಗಿಂತ ಶೀಘ್ರವಾಗಿ ಬಿಸಿಯೇರುತ್ತಿದೆ. ಅಲ್ಲಿ ಹಿಮವು ಬೇಗನೆ ಕರಗಿತೆಂಬುದನ್ನು ದೂರದಲ್ಲಿರುವ ಹಕ್ಕಿಯು ಅರಿಯಲಾರದು. 2018ರಲ್ಲಿ ಥಾಮಸ್ ಲಾಮೆರಿಸ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಸಂಶೋಧನೆಯ ಪ್ರಕಾರ, ವಸಂತವು ಮುಂಚಿತವಾಗಿ ಬಂದ ವರ್ಷಗಳಲ್ಲಿ ಈ ಪಕ್ಷಿಗಳು ಹೊರಡುವ ದಿನವನ್ನು ಅಷ್ಟಾಗಿ ಬದಲಿಸದೆ, ನಡುವಣ ತಂಗುದಾಣಗಳನ್ನು ಬಿಟ್ಟು, ಪಯಣವನ್ನೇ ತ್ವರೆಗೊಳಿಸುವುವು. ಇದರಿಂದ ಬೇಗನೆ ತಲುಪಿದರೂ, ದಾರಿಯಲ್ಲಿ ಮೇಯದ ಕಾರಣ ದೇಹದಲ್ಲಿ ಸಂಚಿತವಾದ ಪುಷ್ಟಿಯು ಸಾಲದೆ, ಮೊದಲು ಅಲ್ಲಿಯೇ ಮೇಯ್ದು ಆ ಬಳಿಕ ಮೊಟ್ಟೆಯಿಡಬೇಕಾಗುವುದು. ಅನಂತರ ಕಾವಿಗೆ ಸುಮಾರು 25 ದಿನಗಳು ಬೇಕು. ಅಷ್ಟರಲ್ಲಿ ಹುಲ್ಲು ಬಲಿತಿರುವುದು. ಅಂತಹ ವರ್ಷಗಳಲ್ಲಿ ಬದುಕುಳಿಯುವ ಮರಿಗಳ ಸಂಖ್ಯೆ ಕಡಿಮೆ.

ಹೀಗೆ ದಾರಿಯಲ್ಲಿ ಉಳಿಸಿದ ದಿನಗಳು ಗೂಡಿನ ನೆಲದಲ್ಲಿ ವ್ಯಯವಾಗುವುವು. ಹಕ್ಕಿಯು ಚಳಿಗಾಲದ ನೆಲೆಯಿಂದ ಹೊರಡುವ ದಿನವೇ ಮುಂಚಿತವಾದಲ್ಲಿ ಮಾತ್ರ ಮರಿಗೂ ಮೇವಿಗೂ ನಡುವಣ ಈ ಅಂತರವು ಕಡಿಮೆಯಾಗಬಹುದು.