ವಿಶ್ವಕಿರಣಗಳ ತವರು ಯಾವುದು?

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು ಕೊಳ್ಳುವವರು ಮೊದಲು ನೋಡುವುದು ಎಲೆಯನ್ನು. ಬಾಡಿಲ್ಲವೆಂದರೆ ತೋಟ ಹತ್ತಿರದಲ್ಲೇ ಇದೆ, ಕಿತ್ತು ಬಹಳ ಹೊತ್ತಾಗಿಲ್ಲ ಎಂದರ್ಥ. ಆಕಾಶದಿಂದ ಬರುವ ವಿಶ್ವಕಿರಣಗಳ ತವರನ್ನು ವಿಜ್ಞಾನಿಗಳು ಹುಡುಕುವುದೂ ಹೆಚ್ಚುಕಡಿಮೆ ಇದೇ ಉಪಾಯದಿಂದ.

ಹೆಸರು ಕಿರಣವೆಂದಿದ್ದರೂ ಇವು ಬೆಳಕಲ್ಲ. ಬೆಳಕಿನ ವೇಗಕ್ಕೆ ಸಮೀಪವಾಗಿ ಧಾವಿಸುವ ಪರಮಾಣು ಬೀಜಗಳು. ಹೆಚ್ಚಿನವು ಜಲಜನಕದವು, ನಿಯಾನ್, ಕಬ್ಬಿಣದಂಥವೂ ಉಂಟು. ಇವು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್ ಕಣಗಳು ನಮ್ಮ ಅಂಗೈಯನ್ನು ಸೆಕೆಂಡಿಗೆ ಸುಮಾರು ಒಂದರಂತೆ ಹಾದುಹೋಗುತ್ತಲೇ ಇರುತ್ತವೆ.

ಕರ್ನಾಟಕಕ್ಕೆ ಇವುಗಳ ನಂಟು ಹಳೆಯದು. ಬೆಂಗಳೂರಿಗೆ ಬಂದ ಹೋಮಿ ಭಾಭಾ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಗೆಂದೇ ಒಂದು ಘಟಕ ಕಟ್ಟಿದರು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಿಶ್ವಕಿರಣಗಳ ಬಡಿತದಿಂದ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು.

ಆದರೆ ಇವು ಹೊರಟ ಜಾಗ ಯಾವುದು? ಬಂದ ದಿಕ್ಕನ್ನು ನೋಡಿ ಹೇಳುವಂತಿಲ್ಲ. ಆಕಾಶಗಂಗೆಯ ಕಾಂತಕ್ಷೇತ್ರಗಳು ವಿದ್ಯುದಂಶವುಳ್ಳ ಈ ಕಣಗಳ ದಾರಿಯನ್ನು ತಿರುಚಿಬಿಡುತ್ತವೆ. ಉಳಿಯುವ ಸಾಕ್ಷಿಯೆಂದರೆ ಕಣದ ಒಡಲು.

ಒಂದೇ ಧಾತುವಿನ ಪರಮಾಣುಗಳಲ್ಲಿ ಪ್ರೋಟಾನ್‌ಗಳ ಸಂಖ್ಯೆ ಒಂದೇ, ನ್ಯೂಟ್ರಾನ್‌ಗಳದು ಬೇರೆಯಾಗಬಹುದು. ಇವೇ ಸಮಸ್ಥಾನಿಗಳು. 1997ರಲ್ಲಿ ಅಮೆರಿಕದ ನಾಸಾ ಹಾರಿಸಿದ ‘ಏಸ್’ ನೌಕೆಯ ಉಪಕರಣ ಇವನ್ನು ಒಂದೊಂದಾಗಿ ಎಣಿಸಿತು. ನಿಯಾನ್-20ಕ್ಕೆ ಹೋಲಿಸಿದರೆ ನಿಯಾನ್-22ರ ಪಾಲು ವಿಶ್ವಕಿರಣಗಳ ಮೂಲದಲ್ಲಿ ಸೌರಮಂಡಲದಲ್ಲಿರುವುದಕ್ಕಿಂತ ಸುಮಾರು 5 ಪಟ್ಟು ಹೆಚ್ಚೆಂದು ತಿಳಿಯಿತು. ಭಾರೀ ನಕ್ಷತ್ರಗಳು ಹೊರಚೆಲ್ಲುವ ಅನಿಲದಲ್ಲಿ ನಿಯಾನ್-22 ಸಮೃದ್ಧವಾಗಿರುತ್ತದೆ.

ಇನ್ನೂ ಗಟ್ಟಿಯಾದ ಸುಳಿವು 2016ರಲ್ಲಿ ಪ್ರಕಟವಾಯಿತು. ಸುಮಾರು 17 ವರ್ಷಗಳಲ್ಲಿ ಎಣಿಸಿದ ಮೂರೂವರೆ ಲಕ್ಷ ಕಬ್ಬಿಣದ ಬೀಜಗಳಲ್ಲಿ 15 ಮಾತ್ರ ಕಬ್ಬಿಣ-60. ಸಿಡಿದು ಸಾಯುವ ಭಾರೀ ನಕ್ಷತ್ರಗಳಲ್ಲಿ, ಅಂದರೆ ಸೂಪರ್‌ನೋವಾಗಳಲ್ಲಿ, ಇದು ತಯಾರಾಗುತ್ತದೆ. ಇದರ ಅರ್ಧಾಯುಷ್ಯ 26 ಲಕ್ಷ ವರ್ಷ. ಅಷ್ಟರಲ್ಲಿ ಅರ್ಧದಷ್ಟು ಕ್ಷಯಿಸುತ್ತದೆ. ಅದಿನ್ನೂ ಉಳಿದಿದೆ ಎಂದರೆ, ಸೊಪ್ಪಿನ್ನೂ ಬಾಡಿಲ್ಲ! ಸ್ಫೋಟವಾದದ್ದು ಕಳೆದ ಕೆಲವು ದಶಲಕ್ಷ ವರ್ಷಗಳಲ್ಲಿ, ಸುಮಾರು 3,000 ಜ್ಯೋತಿರ್ವರ್ಷಗಳ ಒಳಗೆ. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಆಕಾಶಗಂಗೆಯಲ್ಲಿ ಇದು ನೆರೆಮನೆಯೇ ಸರಿ.

ಅತ್ಯಧಿಕ ಶಕ್ತಿಯ ವಿಶ್ವಕಿರಣಗಳ ಮೂಲ ಮಾತ್ರ ಇನ್ನೂ ಬಗೆಹರಿದಿಲ್ಲ. ಬನಶಂಕರಿಯ ಯಾವುದೋ ಮನೆಯಲ್ಲಿ ಈ ಹೊತ್ತು ಪರೀಕ್ಷೆಗೆಂದು ಅರ್ಧಾಯುಷ್ಯದ ಸೂತ್ರವನ್ನು ಬಾಯಿಪಾಠ ಮಾಡುತ್ತಿರುವ ವಿದ್ಯಾರ್ಥಿಗೂ ಅಲ್ಲಿ ಕೆಲಸ ಉಳಿದಿದೆ.