ಕಿವಿಗೆ ಎಷ್ಟು ಮಾರ್ಕ್ಸ್ ಕೊಡೋಣ?



ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯುವ ತನಕ ಹೊರನಾಡಿನ ಕನ್ನಡ ಸಂಘಗಳಲ್ಲಿ ಹಾಡಿನ ಸ್ಪರ್ಧೆಗಳ ಸುಗ್ಗಿ. ಅದರ ಬೆನ್ನಿಗೇ ನಮ್ಮಲ್ಲಿ ಪತ್ರಗಳ ಸುಗ್ಗಿ. ತೀರ್ಪುಗಾರರ ಮೇಲೆ ದೂರು, ಸಂಘಟಕರ ಮೇಲೆ ದೂರು, ಮೈಕಿನ ಮೇಲೂ ದೂರು. ಈ ಸಲ ಬಂದ ಒಂದು ಪತ್ರ ಮಾತ್ರ ದೂರಿನದಲ್ಲ. ಬರೆದ ತಾಯಿಯ ಮಗಳು ಒಂದೇ ದೇವರನಾಮವನ್ನು ಒಂದೇ ತಿಂಗಳಲ್ಲಿ ಎರಡು ಕಡೆ ಹಾಡಿದ್ದಾಳೆ. ಒಂದು ಕಡೆ ಮೊದಲ ಬಹುಮಾನ, ಇನ್ನೊಂದು ಕಡೆ ಮೊದಲ ಹತ್ತರಲ್ಲೂ ಹೆಸರಿಲ್ಲ. ಹುಡುಗಿ ಈಗ ಪಾಠಕ್ಕೇ ಹೋಗಲೊಲ್ಲೆ ಎಂದು ಕೂತಿದ್ದಾಳಂತೆ. ಯಾರ ಕಿವಿಯನ್ನು ನಂಬಬೇಕು ಎಂಬುದು ಆ ತಾಯಿಯ ಪ್ರಶ್ನೆ.

ಕೇಳಲು ಸಣ್ಣ ಪ್ರಶ್ನೆ. ಆದರೆ ಇದನ್ನೇ ಹಿಡಿದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಯೋಗಗಳು ನಡೆದಿವೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಾರ್ಲ್ ಸೀಶೋರ್ ಎಂಬ ಮನಶ್ಶಾಸ್ತ್ರಜ್ಞರು 1919ರಲ್ಲೇ ಗ್ರಾಮಫೋನ್ ತಟ್ಟೆಗಳ ಮೇಲೆ ಸಂಗೀತದ ಕಿವಿಯ ಪರೀಕ್ಷೆಯನ್ನು ಸಿದ್ಧಪಡಿಸಿದ್ದರು. ಎರಡು ಸ್ವರಗಳಲ್ಲಿ ಯಾವುದು ಮೇಲು, ಯಾವುದು ಜೋರು, ಯಾವುದು ಉದ್ದ, ಹೀಗೆ.

ಮುಂದೆ ಹೋಗುವ ಮೊದಲು ಒಂದು ಮಾತು ಬಿಡಿಸಿಕೊಳ್ಳೋಣ. ತರಕಾರಿಯವನ ತಕ್ಕಡಿ ಪ್ರತಿ ಸಲವೂ ಕಿಲೋಗೆ ಐವತ್ತು ಗ್ರಾಂ ಕಡಿಮೆ ಕೊಡುತ್ತದೆ ಎನ್ನಿ. ಅದು ಮೋಸದ ತಕ್ಕಡಿ ಹೌದು, ಆದರೆ ಒಂದೇ ಸಮ ಮೋಸ ಮಾಡುತ್ತದೆ. ಇನ್ನೊಂದು ತಕ್ಕಡಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮೊದಲನೆಯದನ್ನು ಸರಿಪಡಿಸಬಹುದು, ಎರಡನೆಯದನ್ನು ಏನೂ ಮಾಡುವಂತಿಲ್ಲ. ಹಾಡಿಗೆ ಮಾರ್ಕ್ಸ್ ಕೊಡುವವರಲ್ಲೂ ಈ ಎರಡು ಬೇರೆ ಬೇರೆ ಪ್ರಶ್ನೆಗಳು. ಅದೇ ಹಾಡನ್ನು ನಾಳೆ ಕೇಳಿಸಿದರೆ ಇವತ್ತಿನ ಅಂಕವನ್ನೇ ಕೊಡುತ್ತಾರೆಯೇ ಎಂಬುದು ಒಂದು. ಆ ಅಂಕ ಹಾಡಿನದೋ, ಹಾಡಿದವರ ಸೀರೆ, ಹೆಸರು, ಸರದಿಯದೋ ಎಂಬುದು ಇನ್ನೊಂದು.

ಮೊದಲು ಸಂತೋಷದ ಸುದ್ದಿ. ಬರೀ ಕೇಳಿಸಿಕೊಳ್ಳುವ ವಿಷಯದಲ್ಲಿ ನಮ್ಮ ನಿಮ್ಮ ಕಿವಿ ನಾವು ತಿಳಿದದ್ದಕ್ಕಿಂತ ಬಹಳ ಚೆನ್ನಾಗಿದೆ. ಡೇನಿಯಲ್ ಲೆವಿಟಿನ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 46 ಜನರಿಗೆ ತಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನು ನೆನಪಿನಿಂದ ಹಾಡಲು ಹೇಳಿದರು. ಶ್ರುತಿಪೆಟ್ಟಿಗೆ ಇಲ್ಲ, ತಂಬೂರಿ ಇಲ್ಲ. ಎರಡು ಪ್ರಯತ್ನಗಳಲ್ಲಿ ಒಂದರಲ್ಲಾದರೂ ಮೂಲ ಧ್ವನಿಮುದ್ರಿಕೆಯ ಶ್ರುತಿಯನ್ನೇ ಹಿಡಿದವರು ನೂರಕ್ಕೆ 40 ಮಂದಿ. 1999ರ ಇನ್ನೊಂದು ಪ್ರಯೋಗದಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಮತ್ತು ಸಂಗಡಿಗರು ಜನಪ್ರಿಯ ಹಾಡುಗಳಿಂದ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಚೂರು ಕತ್ತರಿಸಿ ಕೇಳಿಸಿದರು. ಅಷ್ಟು ಸಾಕಾಯಿತು, ಬರೀ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು ಸಲ ಜನ ಹಾಡನ್ನು ಗುರುತಿಸಿದರು. ರೇಡಿಯೋ ತಿರುಗಿಸುವಾಗ ಒಂದು ಸ್ಟೇಷನ್ ಮಿಂಚಿ ಮಾಯವಾದರೂ ಅಯ್ಯೋ ಆ ಹಾಡು ಎಂದು ಹಿಂದಕ್ಕೆ ತಿರುಗಿಸುತ್ತೇವಲ್ಲ, ಅದೇ ಇದು.

ನನಗೆ ಸಂಗೀತದ ಗಂಧವೇ ಇಲ್ಲ ಎಂದು ಫೋನಿನಲ್ಲಿ ಸಂಕೋಚಪಡುವ ಕೇಳುಗರಿಗೂ ಒಂದು ಸಮಾಧಾನ. ಸ್ವರ ತಪ್ಪಿದರೂ ಗೊತ್ತಾಗದಂಥ ಹುಟ್ಟು ತೊಂದರೆ ನಿಜಕ್ಕೂ ಇದೆ. ಆದರೆ ಮಾಂಟ್ರಿಯಲ್‌ನ ಇಸಾಬೆಲ್ ಪೆರೆಟ್ಜ್ ಮತ್ತು ಡೊಮಿನಿಕ್ ವುವಾನ್ 16,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2017ರಲ್ಲಿ ಹೇಳಿದ ಪ್ರಕಾರ ಅದು ಇರುವುದು ನೂರಕ್ಕೆ ಸುಮಾರು ಒಂದೂವರೆ ಜನರಲ್ಲಿ. ಉಳಿದವರದ್ದು ಬರೀ ಅಭ್ಯಾಸದ ಕೊರತೆ.

ತಾಪತ್ರಯ ಶುರುವಾಗುವುದು ಕೇಳಿದ್ದನ್ನು ತೂಗುವಾಗ. 2017ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮ್ಯಾನ್ಯುಯೆಲ್ ಅಂಗ್ಲಾಡಾ-ಟೋರ್ಟ್ ಮತ್ತು ಡೇನಿಯಲ್ ಮುಲ್ಲೆನ್‌ಸೀಫೆನ್ ಅವರು 72 ಜನರಿಗೆ ಒಂದೇ ಕೃತಿಯ ಬೇರೆ ಬೇರೆ ಕಲಾವಿದರ ಪ್ರಸ್ತುತಿಗಳು ಎಂದು ಹೇಳಿ ಒಂದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕಿದರು. ಪ್ರತಿ ಸಲವೂ ಕಲಾವಿದರ ಪರಿಚಯ ಮಾತ್ರ ಬೇರೆ. ಒಮ್ಮೆ ದೊಡ್ಡ ಹೆಸರು, ಒಮ್ಮೆ ಸಾಧಾರಣ. ಮುಕ್ಕಾಲು ಪಾಲು ಜನ ತಾವು ಬೇರೆ ಬೇರೆ ಪ್ರಸ್ತುತಿಗಳನ್ನೇ ಕೇಳಿದೆವೆಂದು ನಂಬಿದರು. ನಿರೂಪಕರಾಗಿ ನಮಗೆ ಇದು ಸ್ವಲ್ಪ ಹೆದರಿಕೆಯ ವಿಷಯ. ಹಾಡಿಗೆ ಮುಂಚೆ ನಾವಾಡುವ ನಾಲ್ಕು ಮಾತೂ ಹಾಡಿನೊಳಗೆ ಸೇರಿಬಿಡುತ್ತದೆ ಎಂದಾಯಿತು.

ಕಣ್ಣಿನ ಪಾಲೂ ಕಡಿಮೆಯೇನಲ್ಲ. ಚಿಯಾ-ಜುಂಗ್ ತ್ಸಾಯ್ ಅವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಗಳ ಕೊನೆಯ ಮೂವರ ತುಣುಕುಗಳನ್ನು ಕೊಟ್ಟು ಗೆದ್ದವರು ಯಾರು ಎಂದು ಕೇಳಿದರು. ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ 33 ಸಲ ಸರಿಯಾಗಬೇಕು. ಧ್ವನಿ ಮಾತ್ರ ಕೇಳಿದವರು ಅಷ್ಟನ್ನೂ ಮುಟ್ಟಲಿಲ್ಲ. ಸದ್ದೇ ಇಲ್ಲದ ವಿಡಿಯೋ ನೋಡಿದವರು ಹೆಚ್ಚುಕಡಿಮೆ ಅರ್ಧದಷ್ಟು ಸಲ ಸರಿ ಹೇಳಿದರು. ವೃತ್ತಿಪರ ಸಂಗೀತಗಾರರ ಗತಿಯೂ ಇದೇ. ಮುಖ್ಯವಾದುದು ಧ್ವನಿಯೇ ಎಂದು ಬಹುಪಾಲು ಜನ ಮೊದಲೇ ಹೇಳಿದ್ದರು ಅನ್ನುವುದು ತಮಾಷೆ. ಪತ್ರಿಕೆಗಳು ಈ ಸುದ್ದಿಯನ್ನು ಕುಣಿಸಿದ್ದೇ ಕುಣಿಸಿದ್ದು. ಆದರೆ 2018ರಲ್ಲಿ ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದಾಗ ಅವೇ ತುಣುಕುಗಳಲ್ಲಿ ಅದೇ ಫಲಿತಾಂಶ ಬಂತು, ತುಣುಕುಗಳನ್ನು ಬದಲಿಸಿದಾಗ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಕೊನೆಯ ಮೂವರು ಹೇಗೂ ಕೂದಲೆಳೆಯ ಅಂತರದವರು, ಅವರಲ್ಲಿ ಕಿವಿ ಸೋತರೆ ಎಲ್ಲ ಕಡೆಯೂ ಸೋತಂತಲ್ಲ. ಹಾಗಾಗಿ ಕಿವಿಗಿಂತ ಕಣ್ಣೇ ದೊಡ್ಡದು ಎಂದು ಯಾರಾದರೂ ನಿಮಗೆ ವಾಟ್ಸಾಪಿನಲ್ಲಿ ಕಳಿಸಿದರೆ ಅರ್ಧ ಮಾತ್ರ ನಂಬಿ.

ಇದಕ್ಕಿಂತ ನನಗೆ ಗಟ್ಟಿಯಾಗಿ ಕಾಣುವುದು ಬ್ರಸೆಲ್ಸ್‌ನ ಕಥೆ. ಅಲ್ಲಿನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆ ಜಗತ್ತಿನ ಅತಿ ಕಠಿಣ ಸ್ಪರ್ಧೆಗಳಲ್ಲೊಂದು. ಪಿಯಾನೋ, ಪಿಟೀಲು ವಿಭಾಗಗಳ ಅಂತಿಮ ಸುತ್ತಿಗೆ 12 ಜನ ಬರುತ್ತಾರೆ. ರಾತ್ರಿಗೆ ಇಬ್ಬರಂತೆ ಆರು ರಾತ್ರಿ. ಯಾರು ಯಾವಾಗ ನುಡಿಸಬೇಕೆಂಬುದು ಚೀಟಿ ಎತ್ತಿ ನಿರ್ಧಾರ. ಚೀಟಿ ಎತ್ತಿದ ಮೇಲೆ ಸರದಿಗೂ ಪ್ರತಿಭೆಗೂ ಸಂಬಂಧ ಇರಬಾರದು, ಅಲ್ಲವೇ? ವಿಕ್ಟರ್ ಗಿನ್ಸ್‌ಬರ್ಗ್ ಮತ್ತು ರೆನಾಟೋ ಫ್ಲೋರೆಸ್ ಹಳೆಯ ಫಲಿತಾಂಶಗಳನ್ನೆಲ್ಲ ಹರವಿಕೊಂಡು 1996ರಲ್ಲಿ ಲೆಕ್ಕ ಹಾಕಿದರು. ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವುದು ಕಡಿಮೆ, ವಾರದ ಕೊನೆಗೆ ಬಂದವರಿಗೆ ಹೆಚ್ಚು. ಒಂದು ಕಾರಣ ಹೀಗಿರಬಹುದು. ಅಂತಿಮ ಸುತ್ತಿಗೆಂದೇ ಹೊಸದಾಗಿ ರಚಿಸಿದ ಒಂದು ಕೃತಿಯನ್ನು ಎಲ್ಲರೂ ನುಡಿಸಬೇಕು. ಮೊದಲ ರಾತ್ರಿ ಅದು ತೀರ್ಪುಗಾರರಿಗೂ ಹೊಸತು. ಹತ್ತು ಸಲ ಕೇಳುವಷ್ಟರಲ್ಲಿ ಅವರಿಗೇ ಅದು ಹಿಡಿಸಲು ಶುರುವಾಗುತ್ತದೆ, ಆ ಇಷ್ಟ ಆಗ ನುಡಿಸುತ್ತಿರುವವರ ಖಾತೆಗೆ ಜಮೆಯಾಗುತ್ತದೆ.

ಇಲ್ಲಿಗೇ ಮುಗಿಯುವುದಿಲ್ಲ. ಗಿನ್ಸ್‌ಬರ್ಗ್ ಮತ್ತು ಯಾನ್ ವಾನ್ ಔರ್ಸ್ 2003ರಲ್ಲಿ ತೋರಿಸಿದಂತೆ, ಆ ಸ್ಪರ್ಧೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮುಂದಿನ ವೃತ್ತಿಜೀವನದಲ್ಲೂ ಯಶಸ್ಸು ಹೆಚ್ಚು. ಬರೀ ಚೀಟಿಯ ಅದೃಷ್ಟದಿಂದ ಸ್ಥಾನ ಮೇಲೇರಿದ್ದರೂ ಅಷ್ಟೇ. ಒಂದು ಚೀಟಿ ಒಬ್ಬರ ಬದುಕನ್ನು ಇಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂದರೆ ಅಂಕಪಟ್ಟಿ ಹಿಡಿದು ಕೂರುವವರು ಸ್ವಲ್ಪ ಮೈಮೇಲೆ ಎಚ್ಚರ ಇಟ್ಟುಕೊಳ್ಳಬೇಕಾದ ಮಾತು.

ಹೆಸರು, ಮುಖ, ಉಡುಪಿನ ಕಾಟಕ್ಕೆ ಹಳೆಯ ಮದ್ದೆಂದರೆ ಪರದೆ. ಇದು ನಮ್ಮ ರೇಡಿಯೋ ಮನೆಯದೇ ವಿಷಯ. ಬಿ. ವಿ. ಕೇಸ್ಕರ್ ಅವರು 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯ ಆಡಿಷನ್ ಪದ್ಧತಿ ಬಿಗಿಯಾಯಿತು. ಹಾಡುವವರು ಯಾರೆಂದು ಕಾಣದೆ ಧ್ವನಿಯನ್ನಷ್ಟೇ ಕೇಳಿ ದರ್ಜೆ ಕೊಡಬೇಕು. ಬಿ, ಬಿ-ಹೈ, ಎ, ಟಾಪ್ ಎಂಬ ದರ್ಜೆಗಳ ಮೇಲೆ ಕಲಾವಿದರ ಸಂಭಾವನೆ ನಿಂತಿತ್ತು, ಮರ್ಯಾದೆಯೂ. ಆಗ ಹೆಸರಾಂತ ಕಲಾವಿದರು ಅನೇಕರು ಸಿಟ್ಟಿಗೆದ್ದರು. ಜೀವಮಾನವಿಡೀ ಹಾಡಿದವರನ್ನು ಪರೀಕ್ಷೆಗೆ ಕೂರಿಸುವುದೇ ಎಂಬ ಅವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಹೆಸರೇ ಇಲ್ಲದ ಊರಿಂದ ಬಂದ, ಶಿಫಾರಸಿಲ್ಲದ ಹುಡುಗ ಹುಡುಗಿಯರಿಗೆ ಅದೇ ಪರದೆ ಬಾಗಿಲಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಹೆಚ್ಚು ಕಡಿಮೆ ಅದೇ ಕಾಲಕ್ಕೆ, 1952ರಲ್ಲಿ, ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಕೂಡ ಪರದೆ ಹಾಕಿ ವಾದಕರನ್ನು ಆರಿಸಲು ಶುರುಮಾಡಿತು. ಬೇರೆ ಆರ್ಕೆಸ್ಟ್ರಾಗಳು ಬಹಳ ತಡವಾಗಿ ಹಿಂಬಾಲಿಸಿದವು. ಹೈಹೀಲ್ಡ್ ಚಪ್ಪಲಿಯ ಸದ್ದಿಗೇ ಬರುತ್ತಿರುವವರು ಹೆಂಗಸು ಎಂದು ತಿಳಿಯುತ್ತದೆಂದು ಕೆಲವೆಡೆ ನೆಲಕ್ಕೆ ಕಾರ್ಪೆಟ್ ಹಾಸಿದರು. ಅಲ್ಲಿನ ಐದು ದೊಡ್ಡ ಆರ್ಕೆಸ್ಟ್ರಾಗಳಲ್ಲಿ 1970ರಲ್ಲಿ ಮಹಿಳೆಯರು ನೂರಕ್ಕೆ ಐದಕ್ಕಿಂತ ಕಡಿಮೆ, 1990ರ ದಶಕದ ಕೊನೆಗೆ ಸುಮಾರು 25. ಇದರಲ್ಲಿ ಪರದೆಯ ಪಾಲೆಷ್ಟು ಎಂದು ಕ್ಲಾಡಿಯಾ ಗೋಲ್ಡಿನ್ (2023ರಲ್ಲಿ ನೊಬೆಲ್ ಪಡೆದವರು) ಮತ್ತು ಸಿಸಿಲಿಯಾ ರೌಸ್ 2000ದಲ್ಲಿ ಅಳೆದು, ದೊಡ್ಡ ಪಾಲೇ ಎಂದರು. ಮುಂದೆ ಆ ಲೆಕ್ಕದ ಮೇಲೂ ಟೀಕೆ ಬಂತು. ಅಂಕಿಗಳು ತೆಳು, ಒಂದು ಸುತ್ತಿನಲ್ಲಂತೂ ಫಲಿತಾಂಶ ಉಲ್ಟಾ ಇದೆ ಎಂದು. ಪರದೆ ಬೇಡ ಅನ್ನುವುದಕ್ಕೆ ಇದು ಕಾರಣವಾಗದು. ಅಳೆಯುವವರನ್ನೂ ಅಳೆಯಬೇಕು, ಅಷ್ಟೇ.

ಪರದೆಯ ಆಟದಲ್ಲಿ ಬಿದ್ದ ಇನ್ನೊಂದು ದೊಡ್ಡ ಹೆಸರು ಸ್ಟ್ರಾಡಿವೇರಿಯಸ್. ಕ್ಲಾಡಿಯಾ ಫ್ರಿಟ್ಜ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ವಾದಕರ ಕೈಗೆ ಆರು ಪಿಟೀಲು ಕೊಟ್ಟರು. ಮೂರು ಹೊಸವು, ಮೂರು ಇಟಲಿಯ ಹಳೆಯ, ಕೋಟಿಗಟ್ಟಲೆ ಬೆಲೆಯವು. ವಾದಕರ ಕಣ್ಣಿಗೆ ಕಪ್ಪು ಕನ್ನಡಕ, ಹಳೆ ಮರದ ವಾಸನೆ ತಿಳಿಯದಿರಲು ಪಿಟೀಲಿಗೆ ಒಂದಿಷ್ಟು ಸೆಂಟು. ಹೆಚ್ಚಿನವರು ಮನೆಗೆ ಒಯ್ಯಲು ಆರಿಸಿದ್ದು ಹೊಸದನ್ನು. ಅದು ಹೊಸದೋ ಹಳೆಯದೋ ಹೇಳಲು ಅವರಿಗೆ ಆಗಲಿಲ್ಲ.

ಇದಕ್ಕೆಲ್ಲ ಯಂತ್ರವೇ ವಾಸಿ ಎನ್ನುವವರಿದ್ದಾರೆ. ಮೊಬೈಲಿನಲ್ಲಿ ಟ್ಯೂನರ್ ಹಾಕಿ ಮಗು ಶ್ರುತಿ ತಪ್ಪಿತೇ ನೋಡುವ ಅಪ್ಪಂದಿರನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಬೇಡಿ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ, ಅದು ತೂಗುವ ಸ್ವರ. ಯಂತ್ರಕ್ಕೆ ಆ ತೂಗಾಟವೆಲ್ಲ ತಪ್ಪಾಗಿಯೇ ಕಾಣುತ್ತದೆ. ಹಿಂದುಸ್ತಾನಿಯಲ್ಲೂ ಕಥೆ ಸರಳವಿಲ್ಲ. ನಜೀರ್ ಜೈರಾಜ್‌ಭಾಯ್ ಮತ್ತು ಸ್ಟೋನ್ 1963ರಲ್ಲಿ ಅಳೆದಾಗ ಒಂದೇ ಸ್ವರ ಕಲಾವಿದರಿಂದ ಕಲಾವಿದರಿಗೆ ಜಾಗ ಬದಲಿಸುತ್ತಿತ್ತು, ಒಬ್ಬರದೇ ಪ್ರಸ್ತುತಿಯ ಒಳಗೂ ಅಲುಗುತ್ತಿತ್ತು. ಕೇಳುಗರಿಗೆ ಅದು ಅಪಸ್ವರ ಅನ್ನಿಸಿರಲಿಲ್ಲ.

ಹಾಗಾದರೆ ಆ ಹುಡುಗಿಗೆ ಸಿಕ್ಕ ಎರಡು ತೀರ್ಪುಗಳು? ಅವೆರಡರ ನಡುವಿನ ಅಂತರದಲ್ಲಿ ಅವಳ ಗಂಟಲಿನ ಪಾಲು ಎಷ್ಟು, ಸರದಿ, ಸಹಸ್ಪರ್ಧಿಗಳು, ತೀರ್ಪುಗಾರರ ಆ ಹೊತ್ತಿನ ಕಿವಿಯ ಪಾಲು ಎಷ್ಟು ಎಂದು ಎರಡೇ ಫಲಿತಾಂಶದಿಂದ ಯಾರೂ ಹೇಳಲಾರರು. ಪಾಠ ಬಿಡಲು ಅದು ಕಾರಣವೇ ಅಲ್ಲ ಎಂದು ಅವಳಿಗೆ ನಮ್ಮ ಪರವಾಗಿ ಹೇಳಿ, ತಾಯೀ. ಸಂಘದವರಿಗೂ ಒಂದೆರಡು ಮಾತು. ತೀರ್ಪುಗಾರರು ನಡುವೆ ಚಹಾ ಕುಡಿಯಲಿ, ಆದರೆ ಅಂಕ ಬರೆದುಕೊಡುವ ತನಕ ಹಾಡಿನ ಬಗ್ಗೆ ಮಾತಾಡಿಕೊಳ್ಳದಿರಲಿ. ನಾಲ್ಕು ಜನ ತಮ್ಮ ಪಾಡಿಗೆ ತಾವು ಅಂಕ ಕೊಟ್ಟು ಸರಾಸರಿ ತೆಗೆದರೆ ಆಕಸ್ಮಿಕ ಏರುಪೇರು ಅರ್ಧಕ್ಕಿಳಿಯುತ್ತದೆ. ನಾಲ್ವರೂ ಹಿರಿಯರೊಬ್ಬರ ಮುಖ ನೋಡಿ ಬರೆದರೆ ನಾಲ್ವರಿದ್ದೂ ಒಬ್ಬರಿದ್ದಂತೆ. ಸಾಧ್ಯವಾದರೆ ಆಡಿಷನ್ ಸುತ್ತಿನ ಧ್ವನಿಮುದ್ರಣಗಳಲ್ಲಿ ಒಂದನ್ನು ಬೇರೆ ನಂಬರಿನಡಿ ಗುಟ್ಟಾಗಿ ಎರಡು ಸಲ ಕೇಳಿಸಿ. ಎರಡು ಸಲಕ್ಕೂ ಬಂದ ಅಂಕಗಳ ಅಂತರವೇ ನಿಮ್ಮ ತಕ್ಕಡಿಯ ಅಲುಗಾಟ. ಮೊದಲ ಮತ್ತು ಎರಡನೇ ಬಹುಮಾನದ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಬಹುಮಾನ ಹಂಚಿಬಿಡಿ.

ಮನೆಯಲ್ಲಿ ಆಡಲು ಒಂದು ಆಟವೂ ಇದೆ. ಹಳೆಯ ಸಿ.ಡಿ.ಯ ಹಾಡು, ಅದನ್ನೇ ಕುಗ್ಗಿಸಿದ ಎಂಪಿ3. ವ್ಯತ್ಯಾಸ ತಮಗೆ ತಕ್ಷಣ ಗೊತ್ತಾಗುತ್ತದೆ ಎನ್ನುವ ಭಾವನವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ. ಎರಡರ ವಾಲ್ಯೂಮ್ ಒಂದೇ ಇರಲಿ, ಏಕೆಂದರೆ ಒಂದಿಷ್ಟೇ ಜೋರಾದದ್ದು ಜೋರು ಎಂದು ತಿಳಿಯದೆ ಚೆನ್ನಾಗಿದೆ ಎಂದು ತಿಳಿಯುತ್ತದೆ. ನಾಣ್ಯ ಚಿಮ್ಮಿ ಯಾವುದನ್ನು ಹಾಕಬೇಕೆಂದು ನಿರ್ಧರಿಸಿ ಹತ್ತು ಸಲ ಕೇಳಿ. ಬರೀ ಊಹೆಯಿಂದ ಎಂಟು ಅಥವಾ ಹೆಚ್ಚು ಸರಿಯಾಗುವ ಸಂಭವ 1024ರಲ್ಲಿ 56, ಎಂದರೆ ನೂರಕ್ಕೆ ಐದೂವರೆ. ಇಪ್ಪತ್ತು ಜನರಿಗೆ ಈ ಪರೀಕ್ಷೆ ಮಾಡಿದರೆ ಏನೂ ಕೇಳಿಸದ ಒಬ್ಬರಾದರೂ ಎಂಟು ಅಂಕ ಪಡೆದು ಮೀಸೆ ತಿರುವುವ ಸಾಧ್ಯತೆಯೇ ಹೆಚ್ಚು. ಒಂಬತ್ತು ಬಂದರೆ ಸಂಭವ ನೂರಕ್ಕೆ ಒಂದು, ಆಗ ಭಾವನವರಿಗೆ ಒಂದು ಕಾಫಿ ಕೊಡಿ.

ಆದರೆ ಸರಾಸರಿ ಲೆಕ್ಕವೂ ಮೋಸ ಹೋದದ್ದುಂಟು. ಡಿಜಿಟಲ್ ಪ್ರಸಾರಕ್ಕೆ ಧ್ವನಿಯನ್ನು ಕುಗ್ಗಿಸುವ ವಿಧಾನಗಳನ್ನು ಸ್ವೀಡನ್ನಿನ ರೇಡಿಯೋ 1991ರಲ್ಲಿ ನುರಿತ ಕೇಳುಗರನ್ನು ಕೂರಿಸಿ, ಸಾವಿರಾರು ಸಲ ಕೇಳಿಸಿ, ಇಂಥದೇ ಕುರುಡು ಪರೀಕ್ಷೆಯಲ್ಲಿ ಪಾಸು ಮಾಡಿತ್ತು. ಆಮೇಲೆ ಆ ಟೇಪಿನ ಪ್ರತಿ ಬಾರ್ಟ್ ಲೊಕಾಂತಿ ಎಂಬ ಹಿರಿಯ ಆಡಿಯೋ ಎಂಜಿನಿಯರ್ ಕೈಗೆ ಹೋಯಿತು. ಅವರಿಗೆ ಅದರಲ್ಲಿ 1.5 ಕಿಲೋಹರ್ಟ್ಸ್‌ನ ಸಣ್ಣದೊಂದು ಸಿಳ್ಳಿನಂಥ ಸದ್ದು ಕೇಳಿಸಿತು. ಅವರು ಇದು ನೋಡಿ ಎಂದು ತೋರಿಸಿಕೊಟ್ಟ ಮೇಲೆ ಉಳಿದವರಿಗೂ ಕೇಳಿಸತೊಡಗಿತು.